ದಣಿದ ಯೀಸ್ಟ್, ಸಪ್ಪೆ ಬಿಯರ್

ನನ್ನ ಮೊದಲ ಬಾರ್ಲಿವೈನ್ ಬಾಟಲಿಗೆ ಇಳಿದದ್ದು ಒಂದು ನವೆಂಬರ್ ತಿಂಗಳಲ್ಲಿ. ಹೆಸರಿನಲ್ಲಿ ವೈನ್ ಇದ್ದರೂ ಇದು ಬಿಯರೇ. ದ್ರಾಕ್ಷಿಯ ಸೋಂಕಿಲ್ಲ, ಪೂರ್ತಿ ಬಾರ್ಲಿ ಮಾಲ್ಟ್. ಆಲ್ಕೋಹಾಲ್ ಮಾತ್ರ ವೈನಿನ ಹತ್ತಿರಕ್ಕೆ, ಶೇ 10ಕ್ಕೂ ಮೇಲೆ. ಪೋರ್ಟ್‌ಲ್ಯಾಂಡಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಸಾಲಾಗಿ ಜೋಡಿಸಿಟ್ಟು, ಫೆಬ್ರವರಿಯಲ್ಲಿ ಗೆಳೆಯರನ್ನು ಕರೆದು, ಒಂದರ ಮುಚ್ಚಳ ಎಬ್ಬಿಸಿದೆ. ‘ಉಸ್’ ಎನ್ನಲೂ ಇಲ್ಲ. ಲೋಟಕ್ಕೆ ಸುರಿದರೆ ಕಷಾಯ ಸುರಿದ ಹಾಗೆ: ಬಣ್ಣ ಇದೆ, ಘಮ ಇದೆ, ನೊರೆ ಒಂದು ಚೂರೂ ಇಲ್ಲ.

ಸಕ್ಕರೆ ಕಡಿಮೆಯಾಗಿದೆ ಎಂದುಕೊಂಡೆ. ಎಲ್ಲ ಬಾಟಲಿಗಳನ್ನೂ ತೆರೆದು, ತಲಾ ಅರ್ಧ ಟೀ ಚಮಚ ಸಕ್ಕರೆ ಹಾಕಿ, ಮತ್ತೆ ಮುಚ್ಚಿದೆ. ಮಾರ್ಚ್, ಏಪ್ರಿಲ್ ಕಳೆದರೂ ಅದೇ ಸಪ್ಪೆ. ಮರೆತುಬಿಟ್ಟೆ. ಜುಲೈ ಬಿಸಿಲಿಗೆ ಗ್ಯಾರೇಜು ಕಾದಾಗ, ಒಂದು ಮಧ್ಯಾಹ್ನ ಒಳಗಿನಿಂದ ಪಟಾಕಿಯ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬಾಗಿಲು ತೆರೆದರೆ ಗೋಡೆಯಲ್ಲೆಲ್ಲ ಅಂಟು, ನೆಲದಲ್ಲೆಲ್ಲ ಗಾಜು. ಆ ಹೊತ್ತಿಗೆ ಅಲ್ಲಿ ಯಾರೂ ನಿಂತಿರಲಿಲ್ಲ ಎಂಬುದಷ್ಟೇ ಪುಣ್ಯ.

ಆಗ ಊರಿಂದ ಬಂದಿದ್ದ ಅಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: “ಹಿಟ್ಟು ಉಬ್ಬದೇ ಇದ್ರೆ ಅದಕ್ಕೆ ಇನ್ನೊಂದು ಸೇರು ಅಕ್ಕಿ ಹಾಕ್ತಾರೇನೋ? ಬೆಚ್ಚಗಿಡ್ತಾರೆ. ಇಲ್ಲಾಂದ್ರೆ ಹಳೇ ಹಿಟ್ಟು ಒಂದು ಸೌಟು ಬೆರೆಸ್ತಾರೆ.” ಬಿಯರನ್ನು ಮೂಸಿಯೂ ನೋಡದ ಅಮ್ಮ ಹೇಳಿದ್ದರಲ್ಲಿ ಈ ಲೇಖನದ ಮುಕ್ಕಾಲು ಪಾಲು ಇದೆ. ಸ್ಟ್ರಾಂಗ್ ಬಿಯರಿಗೆ ಗ್ಯಾಸ್ ಬರದಿದ್ದರೆ ನೂರಕ್ಕೆ ತೊಂಬತ್ತು ಸಲ ಕೊರತೆ ಸಕ್ಕರೆಯದಲ್ಲ, ಯೀಸ್ಟಿನದು.

ಮೊದಲಿಗೆ ಕಾನೂನಿನ ಮಾತು ಮುಗಿಸಿಬಿಡೋಣ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ. ಮನೆಬಳಕೆಗೆ ಎಂಬ ನೆಪ ನಡೆಯುವುದಿಲ್ಲ. ಅಮೆರಿಕದಲ್ಲಿ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನು ಮನೆಬಳಕೆಯ ಬಿಯರನ್ನು ತೆರಿಗೆಯಿಂದ ಬಿಟ್ಟಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100, ಮಾರುವಂತಿಲ್ಲ. ಬ್ರಿಟನ್ 1963ರಲ್ಲೇ ಲೈಸೆನ್ಸಿನ ಕಟ್ಟು ತೆಗೆದಿತ್ತು. ಹಾಗಾಗಿ ಮುಂದಿನದು ಇಂಥ ಊರುಗಳಲ್ಲಿ ನೆಲೆಸಿ ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಹಂಡೆ ಇಟ್ಟಿರುವ ಕನ್ನಡಿಗರಿಗೆ. ಊರಲ್ಲಿರುವವರು ಓದಿ ಖುಷಿಪಡಬಹುದು.

ಬಾಟಲಿಯೊಳಗೇ ಹುಟ್ಟುವ ಗ್ಯಾಸ್

ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಯರನ್ನು ಸೋಸಿ, ಯೀಸ್ಟ್ ತೆಗೆದು, ಸಿಲಿಂಡರಿನ ಗ್ಯಾಸನ್ನು ಒತ್ತಡದಲ್ಲಿ ಬೆರೆಸಿರುತ್ತಾರೆ. ಬಾಟಲ್ ಕಂಡೀಷನಿಂಗ್ ಇದರ ತಿರುಗುಮುರುಗು. ಹುದುಗಿ ಮುಗಿದ ಬಿಯರಿಗೆ ಅಳೆದಷ್ಟು ಸಕ್ಕರೆ ಬೆರೆಸಿ, ಯೀಸ್ಟ್ ಸಮೇತ ಮುಚ್ಚಿಬಿಡುವುದು. ಯೀಸ್ಟ್ ಆ ಸಕ್ಕರೆ ತಿಂದು ಸ್ವಲ್ಪ ಆಲ್ಕೋಹಾಲ್, ಸ್ವಲ್ಪ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಹೊರಗೆ ಹೋಗಲು ದಾರಿ ಇಲ್ಲದ ಗ್ಯಾಸ್ ಬಿಯರಿನಲ್ಲೇ ಕರಗುತ್ತದೆ. ಜೊತೆಗೆ ಯೀಸ್ಟ್ ಬಾಟಲಿಯಲ್ಲಿ ಉಳಿದ ಆಮ್ಲಜನಕವನ್ನೂ ಹೀರಿಕೊಳ್ಳುವುದರಿಂದ ಬಿಯರ್ ಬೇಗ ಮುಗ್ಗುವುದಿಲ್ಲ. ವರ್ಷಗಟ್ಟಲೆ ಇಡಬೇಕಾದ ಸ್ಟ್ರಾಂಗ್ ಬಿಯರಿಗೆ ಇದೇ ದೊಡ್ಡ ಲಾಭ. 1968ರಲ್ಲಿ ಇಂಗ್ಲೆಂಡಿನ ಡಾರ್ಚೆಸ್ಟರಿನಲ್ಲಿ ಕಾದಂಬರಿಕಾರ ಥಾಮಸ್ ಹಾರ್ಡಿಯ ಹೆಸರಿನಲ್ಲಿ ತಯಾರಾದ ಶೇ 12ರ ಬಿಯರನ್ನು 25 ವರ್ಷ ಇಡಬಹುದು ಎಂದೇ ಮಾರಿದರು. ಬೆಲ್ಜಿಯಂನ ಸನ್ಯಾಸಿ ಮಠಗಳ ಬಿಯರುಗಳು, ಅಂದರೆ ಶೇ 9.5ರ ವೆಸ್ಟ್‌ಮಾಲ್ ಟ್ರಿಪೆಲ್, ಶೇ 11.3ರ ರೋಶ್‌ಫೋರ್ 10, ಇವೂ ಗ್ಯಾಸ್ ಪಡೆಯುವುದು ಬಾಟಲಿಯಲ್ಲೇ.

ಈ ಉಪಾಯ ಹಳೆಯದು. 1662ರಲ್ಲೇ ಕ್ರಿಸ್ಟೊಫರ್ ಮೆರೆಟ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ, ವೈನ್ ವ್ಯಾಪಾರಿಗಳು ಸಕ್ಕರೆ, ಕಾಕಂಬಿ ಹಾಕಿ ವೈನಿಗೆ ಚುರುಕು ತರುತ್ತಾರೆ ಎಂದು ಪ್ರಬಂಧ ಓದಿದ್ದ. ಅದಕ್ಕೆ ಮೊದಲೇ ಇಂಗ್ಲೆಂಡಿನ ಗಾಜಿನ ಕುಲುಮೆಗಳು ಸೌದೆ ಬಿಟ್ಟು ಕಲ್ಲಿದ್ದಲಿಗೆ ತಿರುಗಿದ್ದವು. ಹೆಚ್ಚಿನ ಶಾಖದಲ್ಲಿ ದಪ್ಪ, ಗಟ್ಟಿ ಬಾಟಲಿ ಬಂತು. ಆದರೆ ಸಕ್ಕರೆ ಎಷ್ಟು ಎಂಬುದು ಕೈಯಂದಾಜಿನಲ್ಲೇ ಉಳಿಯಿತು. ಶಾಂಪೇನ್ ಸೀಮೆಯ ನೆಲಮಾಳಿಗೆಗಳಲ್ಲಿ ಬಾಟಲಿಗಳು ಸಿಡಿಯುತ್ತಲೇ ಇದ್ದವು. 1830ರ ದಶಕದಲ್ಲಿ ಫ್ರಾಂಸ್ವಾ ಎಂಬ ಔಷಧ ವ್ಯಾಪಾರಿ, ವೈನಿನಲ್ಲಿ ಈಗಾಗಲೇ ಎಷ್ಟು ಸಕ್ಕರೆ ಉಳಿದಿದೆ ಎಂದು ಅಳೆದು, ಬೇಕಾದಷ್ಟನ್ನೇ ಸೇರಿಸುವ ಲೆಕ್ಕ ಕೊಟ್ಟ. ನಾವು ಇಂದು ಮಾಡುವುದು ಹೆಚ್ಚೂಕಡಿಮೆ ಅದನ್ನೇ.

ಲೆಕ್ಕ

ಗ್ಯಾಸಿನ ಅಳತೆಗೆ ಬಿಯರಿನವರು ‘ವಾಲ್ಯೂಮ್’ ಎನ್ನುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರ್ ಗ್ಯಾಸ್ ಕರಗಿದ್ದರೆ ಅದು 2.5 ವಾಲ್ಯೂಮ್. ಬಾರ್ಲಿವೈನ್, ಇಂಪೀರಿಯಲ್ ಸ್ಟೌಟಿನಂಥ ಮಂದ, ಸಿಹಿಯಾದ ಬಿಯರಿಗೆ 1.8ರಿಂದ 2.3 ಸಾಕು. ಅದಕ್ಕಿಂತ ಹೆಚ್ಚಾದರೆ ನಾಲಿಗೆಗೆ ಚುಚ್ಚುತ್ತದೆ, ಮಾಲ್ಟಿನ ರುಚಿ ಮುಚ್ಚಿಹೋಗುತ್ತದೆ. ಬೆಲ್ಜಿಯಂ ಬಗೆಯ ಟ್ರಿಪೆಲ್, ಗೋಲ್ಡನ್ ಸ್ಟ್ರಾಂಗ್ ಬಿಯರಿಗೆ 3, ಕೆಲವೊಮ್ಮೆ ಅದಕ್ಕೂ ಮೇಲೆ. ಅಷ್ಟು ಆಲ್ಕೋಹಾಲ್ ಇದ್ದೂ ಅವು ಹಗುರಾಗಿ ಇಳಿಯುವುದು ಗ್ಯಾಸಿನಿಂದಲೇ.

ಇದರಲ್ಲಿ ಒಂದು ಪಾಲು ಬಿಯರಿನಲ್ಲಿ ಮೊದಲೇ ಇರುತ್ತದೆ. ಹುದುಗುವಾಗ ಹುಟ್ಟಿದ ಗ್ಯಾಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.85 ವಾಲ್ಯೂಮ್ ಉಳಿಯುತ್ತದೆ, 15ರಲ್ಲಿ ಸುಮಾರು 1, ಹತ್ತರಲ್ಲಿ ಸುಮಾರು 1.2. ಇಲ್ಲಿ ಬಹಳ ಜನ ಎಡವುತ್ತಾರೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಬಾಟಲಿ ತುಂಬುವ ದಿನದ ತಾಪವನ್ನಲ್ಲ, ಹುದುಗುವಿಕೆ ಮುಗಿಯುವಾಗಿನಿಂದ ಬಿಯರ್ ಮುಟ್ಟಿದ ಅತಿ ಹೆಚ್ಚಿನ ತಾಪವನ್ನು. ಒಮ್ಮೆ 22 ಡಿಗ್ರಿಗೆ ಏರಿ ಗ್ಯಾಸ್ ಬಿಟ್ಟುಕೊಟ್ಟ ಬಿಯರನ್ನು ಆಮೇಲೆ ತಣ್ಣಗೆ ಮಾಡಿದರೂ ಹೋದದ್ದು ತಿರುಗಿ ಬರುವುದಿಲ್ಲ.

ಉಳಿದದ್ದು ಸುಲಭ. ಲೀಟರಿಗೆ 4 ಗ್ರಾಂ ಅಡುಗೆಮನೆಯ ಸಕ್ಕರೆ ಸುಮಾರು 1 ವಾಲ್ಯೂಮ್ ಕೊಡುತ್ತದೆ. 19 ಲೀಟರ್, ಅಂದರೆ 5 ಗ್ಯಾಲನ್ ಬಾರ್ಲಿವೈನ್ ಇದೆ, 2.3 ಬೇಕು, 0.85 ಒಳಗೇ ಇದೆ ಎನ್ನಿ. ಬೇಕಾದ್ದು ಇನ್ನು 1.45. ಲೀಟರಿಗೆ 5.8 ಗ್ರಾಂ, ಒಟ್ಟು 110 ಗ್ರಾಂ. ಅದೇ ಟ್ರಿಪೆಲಿಗೆ 3 ಬೇಕಾದರೆ ಸುಮಾರು 163 ಗ್ರಾಂ. ಅಂಗಡಿಯ ಕಾರ್ನ್ ಶುಗರ್ ಬಳಸುವವರು ಇದಕ್ಕೆ ಹತ್ತನೇ ಒಂದು ಪಾಲು ಕೂಡಿಸಿಕೊಳ್ಳಬೇಕು, ಅದರಲ್ಲಿ ನೀರಿನಂಶ ಇರುತ್ತದೆ. ರುಚಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಬೆಲ್ಲ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಆದರೆ ಅದರ ನೀರಿನಂಶ ಒಂದೊಂದು ಅಚ್ಚಿಗೂ ಒಂದೊಂದು, ಲೆಕ್ಕ ಕೈತಪ್ಪುತ್ತದೆ. ಬೆಲ್ಲವನ್ನು ಕುದಿಸುವ ಹಂಡೆಗೆ ಹಾಕಿ, ಬಾಟಲಿಗೆ ಬೇಡ. ಇನ್ನು ಚಮಚದಲ್ಲಿ ಅಳೆಯುವವರಿಗೆ ನನ್ನ ಗ್ಯಾರೇಜಿನ ಕಥೆಯೇ ಸಾಕು. ಒಂದು ಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಳ್ಳಿ.

ಲೆಕ್ಕ ಸರಿಯಿದ್ದೂ ಬಾಟಲಿ ಸಿಡಿಯಬಹುದು, ಬಿಯರ್ ನಿಜಕ್ಕೂ ಹುದುಗಿ ಮುಗಿದಿರದಿದ್ದರೆ. 1.100 ಸಾಂದ್ರತೆಯಿಂದ ಶುರುವಾದ ಬಿಯರ್ 1.030ರಲ್ಲಿ ನಿಂತಿದೆ ಎಂದರೆ ಎರಡು ಅರ್ಥ ಇರಬಹುದು. ಯೀಸ್ಟ್ ತಿನ್ನಲಾಗದ ಸಕ್ಕರೆ ಮಾತ್ರ ಉಳಿದಿರಬಹುದು, ಇಲ್ಲವೇ ಯೀಸ್ಟೇ ಸುಸ್ತಾಗಿ ನಡುವೆ ಕೂತಿರಬಹುದು. ಎರಡನೆಯದಾದರೆ ಹೊಸ ಯೀಸ್ಟೋ ಬೇಸಿಗೆಯೋ ಬಂದಾಗ ಅದು ಮತ್ತೆ ಏಳುತ್ತದೆ. ಹೈಡ್ರೋಮೀಟರಿನಲ್ಲಿ ಎರಡು ಅಂಕ, ಅಂದರೆ 1.030ರಿಂದ 1.028ಕ್ಕೆ, ಬಾಟಲಿಯೊಳಗೆ ಇಳಿದರೆ ಹೆಚ್ಚುಕಡಿಮೆ ಒಂದಿಡೀ ವಾಲ್ಯೂಮ್ ಗ್ಯಾಸ್ ಹೆಚ್ಚಾಯಿತು ಎಂದರ್ಥ. ವಾರಕ್ಕೊಮ್ಮೆಯಂತೆ ಮೂರು ಸಲ ಅಳೆದು, ಅಂಕಿ ಅಲ್ಲಾಡದೆ ನಿಂತ ಮೇಲೆ ಬಾಟಲಿ ಮುಟ್ಟಿ. ಅನುಮಾನ ಉಳಿದರೆ ಒಂದು ಲೋಟ ಬಿಯರಿಗೆ ಧಾರಾಳ ಯೀಸ್ಟ್ ಹಾಕಿ ಬೆಚ್ಚನೆಯ ಜಾಗದಲ್ಲಿ ಕೆಲವು ದಿನ ಇಟ್ಟು ಅಳೆಯಿರಿ. ಅದು ಎಲ್ಲಿಗೆ ಇಳಿಯಿತೋ ಅದೇ ನಿಮ್ಮ ಬಿಯರಿನ ತಳ.

ದಣಿದವರನ್ನು ಬದಲಿಸುವುದು

ಶೇ 5ರ ಬಿಯರಿನಲ್ಲಿ ಯೀಸ್ಟ್ ಬಾಟಲಿಗೆ ಬರುವಾಗಲೂ ಚುರುಕಾಗಿರುತ್ತದೆ. ಹತ್ತರದ್ದು ಬೇರೆ ಕಥೆ. ತಾನೇ ಮಾಡಿದ ಆಲ್ಕೋಹಾಲಿನಲ್ಲಿ ಮುಳುಗಿ ಜೀವಕೋಶದ ಪೊರೆ ಸಡಿಲಾಗಿರುತ್ತದೆ, ಪೋಷಕಾಂಶ ಖಾಲಿಯಾಗಿರುತ್ತದೆ. ಮೇಲಿಂದ ನಾವು ಮೂರ್ನಾಲ್ಕು ತಿಂಗಳು ಮಾಗಿಸುತ್ತೇವೆ. ಉಳಿದ ಯೀಸ್ಟೂ ತಳದ ಗಷ್ಟಿನಲ್ಲಿ ಕೂರುತ್ತದೆ. ಅಂಥದ್ದನ್ನು ಮತ್ತೆ ಸಕ್ಕರೆ ತಿನ್ನು, ಅದೂ ಒತ್ತಡದಲ್ಲಿ ತಿನ್ನು ಎಂದರೆ ಹೇಗೆ? ನಾನು ಶೇ 8 ದಾಟಿದ ಅಥವಾ ಎರಡು ತಿಂಗಳಿಗಿಂತ ಹೆಚ್ಚು ಮಾಗಿಸಿದ ಯಾವ ಬಿಯರಿಗೂ ಬಾಟಲಿ ತುಂಬುವ ದಿನ ಹೊಸ ಯೀಸ್ಟ್ ಹಾಕದೆ ಬಿಡುವುದಿಲ್ಲ. ಕೆಲವರು ಕಾದರೆ ತಾನಾಗಿ ಬರುತ್ತದೆ ಎನ್ನುತ್ತಾರೆ. ಬಂದರೂ ಬಂತು. ನೂರು ರೂಪಾಯಿಯಷ್ಟರ ಪೊಟ್ಟಣಕ್ಕಾಗಿ ಒಂದು ವರ್ಷದ ಕೆಲಸವನ್ನು ಜೂಜಿಗಿಡುವುದು ನನಗೆ ಜಾಣತನ ಎನಿಸಿಲ್ಲ.

ಯಾವ ಯೀಸ್ಟ್? ಶಾಂಪೇನ್ ಸೀಮೆಯ ಎಪರ್ನೆ ಮೂಲದ ಇಸಿ-1118 ಅಗ್ಗ, ಎಲ್ಲೆಡೆ ಸಿಗುತ್ತದೆ, ಶೇ 18ರವರೆಗೆ ತಡೆದುಕೊಳ್ಳುತ್ತದೆ. 19 ಲೀಟರಿಗೆ 5 ಗ್ರಾಂ ಪೊಟ್ಟಣದಲ್ಲಿ ಅರ್ಧ ಸಾಕು. ಬಾಟಲಿ ಕೆಲಸಕ್ಕೆಂದೇ ಬರುವ ಸಿಬಿಸಿ-1 ಮತ್ತು ಎಫ್-2 ಕೂಡ ಇವೆ. ಇವೆಲ್ಲದರ ದೊಡ್ಡ ಗುಣ, ಬಿಯರಿನಲ್ಲಿ ಉಳಿದ ಮಾಲ್ಟೋಟ್ರಯೋಸ್ ಎಂಬ ಸಕ್ಕರೆಯನ್ನು ಮುಟ್ಟದಿರುವುದು. ನೀವು ಹಾಕಿದ ಸಕ್ಕರೆ ಮುಗಿಸಿ ತೆಪ್ಪಗೆ ತಳಕ್ಕೆ ಕೂರುತ್ತವೆ. ಒಣ ಯೀಸ್ಟನ್ನು ನೇರ ಬಿಯರಿಗೆ ಉದುರಿಸಬೇಡಿ. ಅದರ ಹತ್ತರಷ್ಟು ತೂಕದ, ಕುದಿಸಿ ಆರಿಸಿದ ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನೆಯಲಿ. ಆಮೇಲೆ ಅದಕ್ಕೇ ಒಂದೊಂದು ಚಮಚದಂತೆ ಬಿಯರ್ ಬೆರೆಸುತ್ತಾ ಆಲ್ಕೋಹಾಲಿಗೆ ಒಗ್ಗಿಸಿ. ಬಚ್ಚಲಿನ ಬಿಸಿನೀರಿಂದ ಎದ್ದು ನೇರ ತುಂಗೆಯ ಚಳಿನೀರಿಗೆ ಇಳಿದವನ ಅವಸ್ಥೆ ಅದಕ್ಕೆ ಬರಬಾರದು.

ಬ್ರೆಟನೊಮೈಸಿಸ್ ಎಂಬ ಇನ್ನೊಂದು ಯೀಸ್ಟ್ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಬೆಲ್ಜಿಯಂನ ಓರ್ವಾಲ್ ಮಠದ ಬಿಯರಿಗೆ ಆ ತೊಗಲಿನಂಥ ವಾಸನೆ ಬರುವುದು ಬಾಟಲಿಯಲ್ಲಿ ಅದು ಕೆಲಸ ಮಾಡುವುದರಿಂದ. ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸನ್ ಅದನ್ನು 1904ರಲ್ಲಿ ಜಗತ್ತಿಗೆ ಪರಿಚಯಿಸಿದ್ದೂ ಇಂಗ್ಲೆಂಡಿನ ಮಾಗಿದ ಬಿಯರಿನಿಂದಲೇ. ಆದರೆ ಇದು ಬೇರೆ ಯೀಸ್ಟ್ ಬಿಟ್ಟ ಸಕ್ಕರೆಯನ್ನೂ ತಿಂಗಳುಗಟ್ಟಲೆ ಮೆಲ್ಲುತ್ತದೆ. 1.030ರ ಬಾರ್ಲಿವೈನಿಗೆ ಹಾಕಿ ಬಾಟಲಿ ಮುಚ್ಚಿದರೆ ನೀವು ಇಟ್ಟದ್ದು ಬಿಯರಲ್ಲ, ಬಾಂಬು.

ತುಂಬುವ ದಿನ

ಎಲ್ಲಕ್ಕೂ ಮೊದಲು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ. ಕಂಠದಲ್ಲಿ ಸೀಳು, ಬುಡದಲ್ಲಿ ಗೀರು ಇದ್ದರೆ ಬಿಸಾಡಿ. ತಿರುಗಿಸಿ ತೆರೆಯುವ ಮುಚ್ಚಳದ ಬಾಟಲಿಯೂ ಬೇಡ. 2.5 ವಾಲ್ಯೂಮ್ ಗ್ಯಾಸಿರುವ ಬಾಟಲಿಯೊಳಗೆ 20 ಡಿಗ್ರಿಯಲ್ಲಿ ಕಾರಿನ ಟೈರಿನಲ್ಲಿರುವಷ್ಟು ಒತ್ತಡ ಇರುತ್ತದೆ, ಸೆಕೆ ಏರಿದಂತೆ ಅದೂ ಏರುತ್ತದೆ. ಅಮೆರಿಕದ ಸಾಧಾರಣ ಕಂದು ಬಾಟಲಿಯನ್ನು 3 ವಾಲ್ಯೂಮ್ ದಾಟಿಸಬೇಡಿ. ಟ್ರಿಪೆಲ್ ಮಾಡುವವರು ಬೆಲ್ಜಿಯಂನ ದಪ್ಪ ಬಾಟಲಿಗಳನ್ನೋ ಶಾಂಪೇನಿನವನ್ನೋ ಕೂಡಿಟ್ಟುಕೊಳ್ಳಿ. ಹಸಿರು ಗಾಜು ಚೆಂದ, ಆದರೆ ಬೆಳಕು ಒಳಹೊಕ್ಕು ಹಾಪ್ಸನ್ನು ಕೆಡಿಸಿ ನಾತ ತರುತ್ತದೆ. ಕತ್ತಲಲ್ಲಿಡುವುದಾದರೆ ಮಾತ್ರ ಸರಿ.

ಸಕ್ಕರೆಯನ್ನು ಒಂದೂವರೆ ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಸೋಂಕು ಕಳೆದ ಬಕೆಟ್ಟಿನ ತಳಕ್ಕೆ ಸುರಿಯಿರಿ. ಮೇಲೆ ಯೀಸ್ಟ್ ನೀರು. ಆಮೇಲೆ ಬಿಯರನ್ನು ಕೊಳವೆಯಲ್ಲಿ ಇಳಿಸಿ. ಕೊಳವೆಯ ತುದಿ ತಳದಲ್ಲೇ ಇರಲಿ, ಮೇಲಿಂದ ಧುಮುಕಿದರೆ ಗಾಳಿ ಬೆರೆತು ನೆನೆದ ರಟ್ಟಿನ ರುಚಿ ಬರುತ್ತದೆ. ತುಂಬಿದ ಮೇಲೆ ಉದ್ದನೆಯ ಸೌಟಿನಿಂದ ನೊರೆ ಏಳದಂತೆ ನಿಧಾನ ತಿರುವಿ. ಈ ತಿರುವುವುದನ್ನು ಮರೆತವರಿಗೇ ಒಂದು ಬಾಟಲಿ ಸಪ್ಪೆ, ಇನ್ನೊಂದು ಕಾರಂಜಿ ಆಗುವುದು. ದಪ್ಪ ಬಿಯರಿನಲ್ಲಿ ಸಕ್ಕರೆ ನೀರು ತಾನಾಗಿ ಬೆರೆಯುತ್ತದೆ ಎಂದು ನಂಬಬೇಡಿ. ಕಂಠದಲ್ಲಿ ಎರಡು ಮೂರು ಸೆಂಟಿಮೀಟರ್ ಬಿಟ್ಟು, ಮುಚ್ಚಳ ಒತ್ತಿ. ವರ್ಷಗಟ್ಟಲೆ ಇಡುವುದಾದರೆ ಆಮ್ಲಜನಕ ಹೀರುವ ಪದರವಿರುವ ಮುಚ್ಚಳಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒಂದೇ ಒಂದನ್ನು ಮಾತ್ರ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ, ಹಿಸುಕಿ ಗಾಳಿ ತೆಗೆದು ತುಂಬಿ. ಗ್ಯಾಸ್ ಬಂದಂತೆ ಅದು ಗಟ್ಟಿಯಾಗುತ್ತದೆ. ಒಳಗೆ ಏನಾಗುತ್ತಿದೆ ಎಂದು ನೋಡಲು ಗಾಜಿನ ಬಾಟಲಿ ತೆರೆಯುವ ಚಪಲ ಆಗ ತಪ್ಪುತ್ತದೆ.

ನಂತರ ಅಮ್ಮನ ಮಾತು: ಬೆಚ್ಚಗಿಡಿ. 20ರಿಂದ 24 ಡಿಗ್ರಿ. ಶೇ 8.5ರ ಡುವೆಲ್ ಬಿಯರನ್ನೂ ಬಾಟಲಿಗಿಳಿಸಿ ಮೊದಲು ಎರಡು ವಾರ ಬೆಚ್ಚನೆಯ ಕೋಣೆಯಲ್ಲಿ, ಆಮೇಲೆ ಆರು ವಾರ ತಂಪಿನಲ್ಲಿ ಇಡುತ್ತಾರೆ. ನಮ್ಮ ಮನೆಗಳಲ್ಲಿ ಅಷ್ಟು ಕರಾರುವಾಕ್ಕು ಆಗುವುದಿಲ್ಲ, ಸ್ಟ್ರಾಂಗ್ ಬಿಯರಿಗೆ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ನನ್ನ ಗ್ಯಾರೇಜು ನವೆಂಬರಿನಲ್ಲಿ ಹತ್ತು ಹನ್ನೆರಡು ಡಿಗ್ರಿ. ಅಲ್ಲಿಟ್ಟದ್ದೇ ನನ್ನ ಮೊದಲ ಬೆಪ್ಪುತನವಾಗಿತ್ತು. ಈಗ ಬಾಟಲಿಗಳು ಒಗೆಯುವ ಯಂತ್ರದ ಪಕ್ಕದ ಕಪಾಟಿನಲ್ಲಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ, ಹಳೇ ಕಂಬಳಿ ಹೊದ್ದು ಕೂರುತ್ತವೆ. ಡಬ್ಬಿ ಸಿಡಿತದ ವಿಮೆ.

ಆದರೂ ಬರದಿದ್ದರೆ

ಎಂಟು ವಾರದ ಮೇಲೂ ಪ್ಲಾಸ್ಟಿಕ್ ಬಾಟಲಿ ಮೆತ್ತಗೇ ಇದ್ದರೆ ಮೊದಲು ಜಾಗ ಬದಲಿಸಿ, ಇನ್ನಷ್ಟು ಬೆಚ್ಚಗೆ. ಎರಡು ದಿನಕ್ಕೊಮ್ಮೆ ಪ್ರತಿ ಬಾಟಲಿಯನ್ನೂ ಬುಡಮೇಲು ಮಾಡಿ ನೇರ ನಿಲ್ಲಿಸಿ, ಕೂತ ಯೀಸ್ಟ್ ಏಳಲಿ. ಇನ್ನೂ ಮೂರು ನಾಲ್ಕು ವಾರ ಕಾಯಿರಿ. ಆಮೇಲೂ ಏನೂ ಇಲ್ಲದಿದ್ದರೆ ಮೇಲೆ ಹೇಳಿದಂತೆ ನೆನೆಸಿದ ಯೀಸ್ಟನ್ನು ಸೋಂಕು ಕಳೆದ ಡ್ರಾಪರಿನಿಂದ ಬಾಟಲಿಗೆ ಕೆಲವು ಹನಿ ಬಿಟ್ಟು, ಹೊಸ ಮುಚ್ಚಳ ಒತ್ತಿ. ಸಕ್ಕರೆ ಮುಟ್ಟಬೇಡಿ. ಮೊದಲು ಹಾಕಿದ್ದು ಅಲ್ಲೇ ಇದೆ, ಯಾರೂ ತಿಂದಿಲ್ಲ. ನನ್ನ ಲೆಕ್ಕ ನೋಡಿ: 2.3ಕ್ಕೆಂದು ಹಾಕಿದ ಸಕ್ಕರೆಯ ಮೇಲೆ ಬಾಟಲಿಗೆ ಅರ್ಧ ಟೀ ಚಮಚ, ಅಂದರೆ ಎರಡು ಗ್ರಾಂ ಸೇರಿಸಿದೆ. 355 ಮಿಲಿಲೀಟರಿಗೆ ಅದು ಇನ್ನೂ 1.4 ವಾಲ್ಯೂಮ್. ಬೇಸಿಗೆಗೆ ಯೀಸ್ಟ್ ಎದ್ದಾಗ ಒಟ್ಟು 3.7. ಸಾಧಾರಣ ಬಾಟಲಿ ತಡೆಯದ್ದರಲ್ಲಿ ಆಶ್ಚರ್ಯವೇನು?

ಇದಕ್ಕೆ ವಿರುದ್ಧವಾಗಿ ಗ್ಯಾಸ್ ಅತಿಯಾದರೆ, ಒಂದು ತೆರೆದಾಗ ಅರ್ಧ ಬಿಯರ್ ಉಕ್ಕಿದರೆ, ಉಳಿದವನ್ನು ಬರಿಗೈಲಿ ಎತ್ತಬೇಡಿ. ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ದಪ್ಪ ಗವುಸು, ಬಾಟಲಿಗೆ ಒದ್ದೆ ಟವೆಲು. ಹಾಗೇ ಫ್ರಿಜ್ಜಿಗೆ ಸಾಗಿಸಿ. ಎರಡು ದಿನ ತಣಿದ ಮೇಲೆ ಒತ್ತಡ ಇಳಿದಿರುತ್ತದೆ. ಆಗ ಮುಚ್ಚಳದ ಅಂಚು ತುಸುವೇ ಎತ್ತಿ ಗ್ಯಾಸ್ ಬಿಟ್ಟು ಮತ್ತೆ ಒತ್ತಬಹುದು. ಒಂದು ಬಾಟಲಿ ಆಗಲೇ ಸಿಡಿದಿದ್ದರೆ ಆ ದಿನ ಆ ಕೋಣೆಗೆ ಮಕ್ಕಳನ್ನು ಬಿಡಬೇಡಿ, ನೀವೂ ಸಂಜೆಯ ತಂಪು ಬರುವವರೆಗೆ ಹೋಗಬೇಡಿ.

ಎಲ್ಲ ಸರಿಯಾಗಿದ್ದರೆ ಬಾಟಲಿಗಳನ್ನು ಬೆಚ್ಚನೆಯ ಜಾಗದಿಂದ ಹನ್ನೆರಡು ಹದಿಮೂರು ಡಿಗ್ರಿಯ ಕತ್ತಲ ಮೂಲೆಗೆ, ನಿಲ್ಲಿಸಿಯೇ ಇಡಿ. ಕುಡಿಯುವ ಎರಡು ದಿನ ಮೊದಲು ಫ್ರಿಜ್ಜಿಗೆ ಹಾಕಿ. ಕಂಠದಲ್ಲಿ ನಿಂತ ಗ್ಯಾಸ್ ಆಗ ಬಿಯರಿಗೆ ಇಳಿಯುತ್ತದೆ, ಯೀಸ್ಟ್ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಂದೇ ಓಟಕ್ಕೆ ಸುರಿದು, ಕೊನೆಯ ಬೆರಳಗಲ ಗಷ್ಟನ್ನು ಬಾಟಲಿಯಲ್ಲೇ ಉಳಿಸಿ. ಮುಚ್ಚಳದ ಮೇಲೆ ತುಂಬಿದ ತಿಂಗಳು, ವಾಲ್ಯೂಮ್ ಎರಡನ್ನೂ ಶಾಯಿಯಲ್ಲಿ ಬರೆದಿಡಿ. ಗೆಳೆಯರಿಗೆ ಕೊಡುವಾಗ ಒಂದು ಮಾತು ಹೇಳಿಯೇ ಕೊಡಿ: ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಮನೆ ಮುಟ್ಟಿದ ಕೂಡಲೇ ತಂಪಿಗಿಡಿ.